ಸೋಮಾರಿಗಳ ಡಬ್ಬಿ

"ಮೇಷ್ಟ್ರೇ, ಜೋಡಿಯಲ್ಲಿ ಒಬ್ಬರೇ ಇಡೀ ಭಾರ ಹೊರುತ್ತಿದ್ದರೆ, ಹೊರುವವರು ಆ ಜೋಡಿಯನ್ನು ಬಿಟ್ಟು ಹೋಗುವುದು ತಪ್ಪೇ?"

ಕೇಳಿದವಳು ಹೈಮವತಿ. ಕೇಳಿಸಿಕೊಂಡವರು ತಿರುನಾರಾಯಣ ಮೇಷ್ಟ್ರು.

ಮೇಷ್ಟ್ರು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಮನೆಯಲ್ಲಿ ಸಂಗೀತ ಹೇಳುತ್ತಿದ್ದರು. ಇವೆರಡೂ ಸಾಲದೆಂಬಂತೆ ವಾಲ್ವ್ ಆಂಪ್ಲಿಫೈಯರುಗಳನ್ನು ಕೈಯಾರೆ ಕಟ್ಟುತ್ತಿದ್ದರು. ಪಾಠದ ಕೋಣೆಯಲ್ಲಿ ಒಂದು ಮೂಲೆಗೆ ತಂಬೂರಿ, ಇನ್ನೊಂದು ಮೂಲೆಗೆ ತಂತಿ, ಟ್ರಾನ್ಸ್‌ಫಾರ್ಮರು, ಸೀಸದ ಬೆಸುಗೆಯ ವಾಸನೆ. ಶಿಷ್ಯರು ಏನೇ ಕೇಳಲಿ, ಉತ್ತರ ಈ ಎರಡು ಮೂಲೆಗಳಲ್ಲಿ ಒಂದರಿಂದ ಬರುತ್ತಿತ್ತು. ಯಾವುದರಿಂದ ಎಂದು ಮೊದಲೇ ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ.

ಹೈಮವತಿಯೂ ಅವಳ ತಂಗಿ ವಾರಿಜಳೂ ಚಿಕ್ಕಂದಿನಿಂದ ಅವರಲ್ಲೇ ಕಲಿತವರು. ಕಲಿತದ್ದೂ ಜೋಡಿಯಾಗಿ, ಕಛೇರಿ ಮಾಡುವುದೂ ಜೋಡಿಯಾಗಿ. ಊರಿನಲ್ಲಿ ಅವರ ಹೆಸರುಗಳನ್ನು ಬಿಡಿಯಾಗಿ ಹೇಳಿದರೆ ಯಾರೆಂದು ತಿಳಿಯುತ್ತಿರಲಿಲ್ಲ, ಒಟ್ಟಿಗೆ ಹೇಳಬೇಕು.

"ಹೊರುತ್ತಿರುವುದು ಯಾರು?" ಎಂದರು ಮೇಷ್ಟ್ರು.

"ನಾನು."

"ಬಿಟ್ಟು ಹೋಗುವುದು?"

"ನಾನೇ."

"ಯಾವಾಗ ಹೊರಟಿದ್ದೀಯ?"

"ಇವತ್ತೇ ಮೇಷ್ಟ್ರೇ. ಹಾಸನದ ಸಭೆಯ ಕಾರ್ಯದರ್ಶಿಗಳು ಮಧ್ಯಾಹ್ನ ಫೋನ್ ಮಾಡ್ತಾರೆ. ನವರಾತ್ರಿಯ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗಬೇಕಂತೆ. ಈ ಸಲ ನನ್ನದೊಂದೇ ಹೆಸರು ಕೊಡೋಣ ಅಂತಿದ್ದೇನೆ. ಒಂದು ಸಲ ಅಚ್ಚಾದರೆ ಮುಂದೆ ಎಲ್ಲರೂ ಹಾಗೇ ಕರೀತಾರೆ."

"ವಾರಿಜಳಿಗೆ ಹೇಳಿದ್ದೀಯಾ?"

"ಇಲ್ಲ. ಅವಳು ಹತ್ತು ಗಂಟೆಗೆ ಪಾಠಕ್ಕೆ ಬರ್ತಾಳಲ್ಲ. ಅದಕ್ಕೇ ನಾನು ಮುಂಚೆ ಬಂದೆ. ನೀವು ಹೂಂ ಅಂದರೆ ಸಾಕು, ಮಿಕ್ಕಿದ್ದು ನಾನು ನೋಡಿಕೊಳ್ತೇನೆ."

ಮೇಷ್ಟ್ರು ಹೂಂ ಎನ್ನಲಿಲ್ಲ. ಊಹೂಂ ಎಂದೂ ಹೇಳಲಿಲ್ಲ. ಅವಳ ಲೆಕ್ಕವನ್ನು ಕೇಳಿದರು. ಅವಳು ಹೇಳಿದಳು. ರಾಗ ವಿಸ್ತಾರ ಮಾಡುವುದು ತಾನು. ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವುದು ತಾನು. ಮೃದಂಗದವರ ಜೊತೆ ಜಗಳ ಕಾಯುವುದೂ ತಾನೇ. ವಾರಿಜ ನಗುತ್ತ ಪಕ್ಕದಲ್ಲಿ ಕುಳಿತು, ಕೊಟ್ಟದ್ದನ್ನು ಹಾಡಿ, ತಿರುಗಿ ಅಕ್ಕನಿಗೇ ಒಪ್ಪಿಸುತ್ತಾಳೆ.

"ಇನ್ನೂ ಒಂದು ಮಾತು ಮೇಷ್ಟ್ರೇ. ಕಛೇರಿ ಮುಗಿಸಿ ಮನೆಗೆ ಬಂದ ಮೇಲೆ ನನಗೆ ಬೆಳಗಿನ ತನಕ ನಿದ್ದೆ ಬರುವುದಿಲ್ಲ. ಎಲ್ಲಿ ಯಾರು ಏನು ತಪ್ಪಿದರು ಅಂತ ತಲೆಯಲ್ಲಿ ಕುದೀತಾ ಇರುತ್ತೆ. ಅವಳು ಮೊಸರನ್ನ ತಿಂದು ಗೊರಕೆ ಹೊಡೀತಾಳೆ. ಸಂಗೀತಕ್ಕಾಗಿ ಉರಿಯುವವರು ಯಾರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕೇ?"

"ಕಾಫಿ ಆಯಿತೇನಮ್ಮ?" ಎಂದರು ಮೇಷ್ಟ್ರು.

"ಆಯಿತು."

"ಹಾಗಾದರೆ ಕಾಫಿಪುಡಿ ವರ್ತಕನೊಬ್ಬನ ಕತೆ ಹೇಳುತ್ತೇನೆ, ಕೇಳು."

ಮೇಷ್ಟ್ರು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಕಾಫಿಪುಡಿ ವರ್ತಕನಿದ್ದ. ವ್ಯಾಪಾರದಲ್ಲಿ ಗಟ್ಟಿಗ. ಅವನ ಕ್ರಮ ಒಂದೇ. ಸುಗ್ಗಿಯ ಮೊದಲ ಬೀಜ ಬಂದಾಗ ಎಲ್ಲಕ್ಕಿಂತ ದಪ್ಪನಾದ, ಎಲ್ಲಕ್ಕಿಂತ ಘಮಘಮಿಸುವ ಒಂದು ಹಿಡಿಯನ್ನು ಆರಿಸುವನು. ಗಾಜಿನ ಬಟ್ಟಲಿನಲ್ಲಿ ಹಾಕಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಡುವನು. ಅದಕ್ಕೆ ಮಾದರಿ ಎಂದು ಹೆಸರು. ಆಮೇಲೆ ಬಂದ ಪ್ರತಿ ಮೂಟೆಯನ್ನೂ ಬಿಚ್ಚಿಸಿ, ಒಂದು ಹಿಡಿ ತೆಗೆದು, ಮಾದರಿಯ ಪಕ್ಕ ಹಿಡಿದು ನೋಡುವನು. ಹೊಂದಿದರೆ ಮೂಟೆ ಒಳಗೆ. ಹೊಂದದಿದ್ದರೆ ಗಾಡಿಗೆ ವಾಪಸ್ಸು. ಚೌಕಾಸಿ ಇಲ್ಲ, ಚರ್ಚೆ ಇಲ್ಲ. ಈ ಕ್ರಮದಿಂದ ಅವನ ಪುಡಿಗೆ ಹೆಸರು ಬಂದಿತ್ತು. ಒಂದು ಕ್ರಮದಿಂದ ಹೆಸರು ಪಡೆದವನು ಅದನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬರುವುದಿಲ್ಲ. ಜೊತೆಯಲ್ಲೇ ತರುತ್ತಾನೆ. ಇವನು ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡಲೂ ಹಿಂದಿನ ವಾರದ ಸಾರನ್ನು ನೆನೆಯುತ್ತಿದ್ದನಂತೆ. ಅದಿರಲಿ.

ಅವನಿಗೆ ಹಳೆಯ ಗ್ರಾಮಫೋನ್ ತಟ್ಟೆಗಳ ಹುಚ್ಚು. ತಟ್ಟೆ ಕೇಳಲು ಒಂದು ಆಂಪ್ಲಿಫೈಯರ್ ಬೇಕು. ಕೊಂಡು ತಂದರೆ ಅದರಲ್ಲೇನು ಸುಖ ಎಂದು ತಾನೇ ಕಟ್ಟಲು ಕುಳಿತ. ಅದೂ ವಾಲ್ವಿನದು. ವಾಲ್ವ್ ಅಂದರೆ ಗೊತ್ತಲ್ಲ, ಹಳೆಯ ರೇಡಿಯೋದ ಬೆನ್ನಿನಲ್ಲಿ ಮಂದವಾಗಿ ಉರಿಯುತ್ತಿದ್ದ ಗಾಜಿನ ಬುರುಡೆಗಳು. ವರ್ತಕ ಪುಸ್ತಕ ಓದಿದ, ತಗಡು ಕೊರೆದ, ತಂತಿ ಬೆಸೆದ. ಕಟ್ಟಿದ್ದು ಚೆನ್ನಾಗಿಯೇ ಕಟ್ಟಿದ. ಅದರಲ್ಲಿ ಅನುಮಾನವಿಲ್ಲ.

ಇಂಥ ಯಂತ್ರದ ಕೊನೆಯ ಹಂತದಲ್ಲಿ ಎರಡು ದೊಡ್ಡ ವಾಲ್ವುಗಳಿರುತ್ತವೆ. ಸ್ಪೀಕರನ್ನು ಕುಣಿಸುವುದು ಇವೇ. ಮರ ಕೊಯ್ಯುವವರಿಬ್ಬರು ಉದ್ದ ಗರಗಸದ ಎರಡು ತುದಿ ಹಿಡಿದ ಹಾಗೆ ಎಂದುಕೋ. ಇವನು ಎಳೆದಾಗ ಅವನು ಬಿಡಬೇಕು, ಅವನು ಎಳೆದಾಗ ಇವನು ಬಿಡಬೇಕು. ಎರಡೂ ಸಮನಾಗಿದ್ದರೆ ಒಂದರ ದೋಷವನ್ನು ಇನ್ನೊಂದು ಅಳಿಸುತ್ತದೆ. ಸ್ಪೀಕರಿನಲ್ಲಿ ಹಾಡು ಮಾತ್ರ ಉಳಿಯುತ್ತದೆ. ಸಮನಾಗಿಲ್ಲದಿದ್ದರೆ ಹಾಡಿನ ಅಡಿಯಲ್ಲಿ ಗುಂಯ್ ಎಂದು ಒಂದು ಸದ್ದು ಕೂತುಬಿಡುತ್ತದೆ. ಮಂದ್ರದ ಸ್ವರಗಳು ಬಡವಾಗುತ್ತವೆ.

ಆದ್ದರಿಂದ ಎರಡನ್ನು ಜೋಡಿ ಮಾಡಬೇಕು. ಮಾಡುವ ಬಗೆ ಹೀಗೆ. ಯಂತ್ರವನ್ನು ಹಚ್ಚಬೇಕು, ಹಾಡು ಹಾಕಬಾರದು. ಕೆಲಸವಿಲ್ಲದೆ ಸುಮ್ಮನೆ ಕುಳಿತಿರುವಾಗ ಯಾವ ವಾಲ್ವು ಎಷ್ಟು ಕರೆಂಟು ಹರಿಸುತ್ತದೆ ಎಂದು ಮೀಟರ್ ಇಟ್ಟು ನೋಡಬೇಕು. ಎರಡರಲ್ಲೂ ಮುಳ್ಳು ಒಂದೇ ಜಾಗಕ್ಕೆ ಬಂದು ನಿಂತರೆ ಅವು ಜೋಡಿ.

ವರ್ತಕ ಪೇಟೆಯ ಹಳೇ ಸಾಮಾನಿನ ಬೀದಿಗೆ ಹೋಗಿ ಒಂದು ಪೊಟ್ಟಣ ವಾಲ್ವು ತಂದ. ಮೊದಲನೆಯದನ್ನು ಸಿಕ್ಕಿಸಿ ಮೀಟರ್ ಇಟ್ಟ. ಮುಳ್ಳು ಚಂಗನೆ ನೆಗೆದು ಬಲಗಡೆಗೆ ಹೋಯಿತು. ಭಲೆ, ಎಂಥ ಬಲ, ಎಂದುಕೊಂಡ. ಎರಡನೆಯದನ್ನು ಹಾಕಿದ, ಮುಳ್ಳು ನಡುವಿನಲ್ಲಿ ನಿಂತಿತು. ಮೂರನೆಯದೂ ನಡುವಿನಲ್ಲಿ. ನಾಲ್ಕನೆಯದೂ ಅಲ್ಲೇ. ವ್ಯಾಪಾರಿಯ ಕೈ ತನ್ನ ಅಭ್ಯಾಸವನ್ನು ಬಿಡಲಿಲ್ಲ. ಮೊದಲನೆಯದನ್ನು ಪಕ್ಕಕ್ಕೆ ತೆಗೆದಿಟ್ಟು ಇದೇ ಮಾದರಿ ಎಂದ. ಮಿಕ್ಕವನ್ನು ಖಾಲಿ ಕಾಫಿಪುಡಿ ಡಬ್ಬಿಗೆ ಹಾಕಿದ. ಡಬ್ಬಿಯ ಮೇಲೆ ಚೀಟಿ ಅಂಟಿಸಿ ಬರೆದ: ಸೋಮಾರಿಗಳು.

ಅಂದಿನಿಂದ ಅವನ ಅಲೆದಾಟ ಶುರುವಾಯಿತು. ಮಾದರಿಗೆ ಜೋಡಿ ಬೇಕು. ಪೇಟೆಗೆ ಹೋಗುವನು, ತರುವನು, ಅಳೆಯುವನು, ಡಬ್ಬಿಗೆ ಹಾಕುವನು. ನಡುನಡುವೆ ಮನಸ್ಸು ತಡೆಯದೆ ಮಾದರಿಯ ಪಕ್ಕದಲ್ಲಿ ಒಬ್ಬ ಸೋಮಾರಿಯನ್ನು ಕೂರಿಸಿ ತಟ್ಟೆ ಹಾಕುವನು. ಹಾಡು ಬರುತ್ತಿತ್ತು. ಅದರ ಅಡಿಯಲ್ಲಿ ಗುಂಯ್ ಎನ್ನುವುದೂ ಬರುತ್ತಿತ್ತು. ನೋಡು, ಇವನು ಕೈಕೊಡುತ್ತಿದ್ದಾನೆ, ಎಂದು ಸೋಮಾರಿಯನ್ನು ಕಿತ್ತು ಇನ್ನೊಬ್ಬನನ್ನು ಕೂರಿಸುವನು. ಗುಂಯ್ ಹಾಗೇ ಇರುತ್ತಿತ್ತು. ಇವನೂ ಅದೇ ಜಾತಿ ಎನ್ನುವನು.

ವಾಲ್ವು ಮಾರುವವನಿಗೂ ಬೇಸರ ಬಂತು.

"ಏನ್ ಸ್ವಾಮಿ, ಮತ್ತೆ ಬಂದ್ರಾ?"

"ನನ್ನ ಹತ್ತಿರ ಒಂದಿದೆಯಲ್ಲಪ್ಪ, ಅದಕ್ಕೆ ಸರಿಸಮ ಬೇಕು. ನೀನು ಕೊಡುವುದೆಲ್ಲ ಬರೀ ಅರೆಹೊಟ್ಟೆಯವು."

"ಎಲ್ಲಾ ಒಂದೇ ಕಾರ್ಖಾನೆ, ಒಂದೇ ಪೆಟ್ಟಿಗೆ ಮಾಲು. ನಿಮಗೆ ಅದರ ಜೋಡಿ ಬೇಕೋ, ಅದರಪ್ಪ ಬೇಕೋ ಹೇಳಿಬಿಡಿ. ಅಪ್ಪ ನನ್ನ ಹತ್ರ ಇಲ್ಲ."

ವರ್ತಕ ನಕ್ಕು ಇನ್ನೊಂದು ಪೊಟ್ಟಣ ಕಟ್ಟಿಸಿಕೊಂಡು ಬಂದ. ತನ್ನ ಮಾದರಿಯ ಮೇಲೆ ಅವನಿಗೆ ಹೆಮ್ಮೆ ಹೆಚ್ಚಿತು. ಅಪರೂಪದ ವಸ್ತು, ಅದಕ್ಕೇ ಜೋಡಿ ಸಿಗುತ್ತಿಲ್ಲ ಎಂದು ನಂಬಿದ. ಇನ್ನೊಂದು ವಿಷಯವೂ ಅವನ ಕಣ್ಣಿಗೆ ಬಿದ್ದಿತ್ತು. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸೋಮಾರಿಗಳ ಮುಳ್ಳು ನಿಂತಲ್ಲೇ ನಿಂತಿರುತ್ತಿತ್ತು. ಮಾದರಿಯ ಮುಳ್ಳು ಮಾತ್ರ ಮೆಲ್ಲನೆ ಮೇಲೆ ಮೇಲೆ ಏರುತ್ತಿತ್ತು. ಮುಟ್ಟಿದರೆ ಕೈ ಸುಡುವಷ್ಟು ಕಾವು. ದೊಡ್ಡ ವಿದ್ವಾಂಸರು ಕಛೇರಿಯಲ್ಲಿ ಹೀಗೇ ರಂಗೇರುತ್ತಾರೆ ಎಂದು ಅವನು ಮೆಚ್ಚಿಕೊಂಡ.

ಅವನ ಹೆಂಡತಿ ಒಂದು ದಿನ ಡಬ್ಬಿ ಅಲ್ಲಾಡಿಸಿ ನೋಡಿದಳು. ತುಂಬಿ ಬಂದಿತ್ತು.

"ಇದೇನ್ರೀ, ಇಷ್ಟೊಂದು ಜನ ಸೋಮಾರಿಗಳು? ಊರಲ್ಲಿ ದುಡಿಯೋನು ನಿಮ್ಮ ಆ ಮಾದರಿ ಒಬ್ಬನೇನಾ?"

"ಹೌದು. ಅದಕ್ಕೇ ಅವನು ಅಷ್ಟು ಬಿಸಿ."

"ಒಲೆ ಮೇಲಿನ ಹಾಲೂ ಅಷ್ಟೇ ಬಿಸಿ. ಅದನ್ನ ಯಾರೂ ಹೊಗಳಲ್ಲ, ಇಳಿಸ್ತಾರೆ" ಎಂದು ಹೇಳಿ ಅವಳು ಒಳಗೆ ಹೋದಳು. ವರ್ತಕ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ನಿಜವಾಗಿಯೂ ಹಾಲಿನ ಯೋಚನೆಯಲ್ಲೇ ಇದ್ದಳು. ಅಡಿಗೆಮನೆಯಲ್ಲಿ ಅದು ಉಕ್ಕುತ್ತಿತ್ತು.

ಕೊನೆಗೆ ಅವನಿಗೆ ತಾಳ್ಮೆ ತಪ್ಪಿತು. ಜೋಡಿ ಸಿಗಲಿ ಬಿಡಲಿ, ಸಂಗೀತ ಬಲ್ಲ ಸ್ನೇಹಿತರನ್ನೆಲ್ಲ ಭಾನುವಾರ ಬೆಳಗ್ಗೆ ಮನೆಗೆ ಕರೆದ. ಒಂದು ನಾಗಸ್ವರದ ತಟ್ಟೆ ಇದೆ, ಬಂದು ಕೇಳಿ, ವಾದ್ಯದವರು ಪಡಸಾಲೆಯಲ್ಲೇ ಕೂತಿದ್ದಾರೆ ಅನ್ನಿಸದಿದ್ದರೆ ಇನ್ನು ಮೇಲೆ ಈ ಕೆಲಸವನ್ನೇ ಬಿಡುತ್ತೇನೆ, ಎಂದು ಎಲ್ಲರೆದುರು ಹೇಳಿಬಿಟ್ಟ. ಹೇಳಬಾರದಿತ್ತು. ಆದರೆ ಹೇಳಿದ. ಕರೆದವರಲ್ಲಿ ಅವನ ಮಾವನೂ ಒಬ್ಬರು. ಆ ಮಾವ ಮೊದಲಿಂದಲೂ ಈ ಯಂತ್ರವನ್ನು ಒಲೆ ಎಂದೇ ಕರೆಯುತ್ತಿದ್ದರು. ಮನೆಗೆ ಬಂದಾಗಲೆಲ್ಲ, ಏನು ಅಳಿಯಂದಿರೇ, ಒಲೆ ಹಚ್ಚಿದ್ದೀರಾ, ಎಂದು ವಿಚಾರಿಸುವರು. ಅವರ ಬಾಯಿ ಮುಚ್ಚಿಸಬೇಕೆಂಬುದೇ ವರ್ತಕನ ದೊಡ್ಡ ಆಸೆ. ಈಗ ಆ ಆಸೆಯೂ ಈಡೇರಬೇಕು, ಕಟ್ಟುವ ಕೆಲಸವೂ ಉಳಿಯಬೇಕು.

ಭಾನುವಾರ ಬಂತು. ಜಮಖಾನ ಹಾಸಿದರು. ವರ್ತಕ ಬೆಳಗ್ಗೆಯೇ ಮಾದರಿಯೊಂದನ್ನೇ ಸಿಕ್ಕಿಸಿ ಯಂತ್ರ ಹಚ್ಚಿದ. ಮಾದರಿ ಚೆನ್ನಾಗಿ ರಂಗೇರಲಿ ಎಂದು. ಸ್ನಾನಕ್ಕೆ ಹೋದ. ಬಂದು ನೋಡುತ್ತಾನೆ, ಮಾದರಿಯ ಒಳಗಿನ ತಗಡು ಕುಲುಮೆಯ ಕಬ್ಬಿಣದಂತೆ ಕೆಂಪಗಾಗಿದೆ. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಚಟ್ ಎಂದು ಫ್ಯೂಸ್ ಹೋಯಿತು. ಮಾದರಿಯೂ ಹೋಯಿತು. ಹಾಡು ಇನ್ನೂ ಹಾಕಿಯೇ ಇರಲಿಲ್ಲ.

ಬೀದಿಯಲ್ಲಿ ಮಾವನವರ ಚಪ್ಪಲಿಯ ಸದ್ದು ಕೇಳಿಸಿತು.

ವರ್ತಕ ಫ್ಯೂಸ್ ಕಟ್ಟಿದ. ಎರಡು ವಾಲ್ವು ಬೇಕು. ಪೇಟೆಗೆ ಹೋಗಲು ಹೊತ್ತಿಲ್ಲ. ಮನೆಯಲ್ಲಿ ಇದ್ದದ್ದು ಒಂದೇ ಡಬ್ಬಿ. ಮುಖ ಹುಳ್ಳಗೆ ಮಾಡಿಕೊಂಡು ಕೈ ಹಾಕಿದ. ಮೇಲಿದ್ದ ಎರಡನ್ನು ತೆಗೆದು ಸಿಕ್ಕಿಸಿದ. ಆರಿಸಲಿಲ್ಲ, ಆರಿಸಲು ಅವುಗಳಲ್ಲಿ ಏನಿದೆ ಎಂಬುದು ಅವನ ಭಾವನೆ. ಅಭ್ಯಾಸಬಲದಿಂದ ಮೀಟರ್ ಇಟ್ಟ. ಒಂದರ ಮುಳ್ಳು ನಡುವಿನಲ್ಲಿ ನಿಂತಿತು. ಇನ್ನೊಂದರದ್ದೂ ನಡುವಿನಲ್ಲಿ ನಿಂತಿತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಅಷ್ಟರಲ್ಲಿ ಜನ ಬಂದು ಕೂತರು. ಯಂತ್ರ ಹಚ್ಚಿಯೇ ಇತ್ತು. ಸ್ಪೀಕರಿನಿಂದ ಒಂದು ಉಸಿರೂ ಇಲ್ಲ. ಗುಂಯ್ ಇಲ್ಲ. ಇಷ್ಟು ದಿನ ಆ ಸದ್ದಿಗೆ ಒಗ್ಗಿಹೋಗಿದ್ದ ವರ್ತಕ ಯಂತ್ರ ಕೆಟ್ಟಿತೆಂದೇ ತಿಳಿದ.

"ಯಾಕೆ ಅಳಿಯಂದಿರೇ, ಇವತ್ತು ಒಲೆ ಹಚ್ಚಲಿಲ್ಲವೇ? ಸದ್ದೇ ಇಲ್ಲ" ಎಂದರು ಮಾವ.

ವರ್ತಕ ತಟ್ಟೆಯ ಮೇಲೆ ಮುಳ್ಳು ಇಳಿಸಿದ. ನಾಗಸ್ವರ ಎದ್ದಿತು. ಡೋಲು ಅದರ ಹಿಂದೆ, ತುಸು ದೂರದಲ್ಲಿ, ಇಷ್ಟೇ ದೂರ ಎಂದು ಹೇಳುವಷ್ಟು ಸ್ಪಷ್ಟವಾಗಿ ಕೂತಿತು. ಊದುವವನು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಮಾವ ಬಾಯಿಗೆ ಹಾಕಬೇಕೆಂದಿದ್ದ ಅಡಿಕೆಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ತಟ್ಟೆ ಮುಗಿದ ಮೇಲೆ, ಇನ್ನೊಂದು ಸಲ ಹಾಕಿ ಎಂದರು. ಅಷ್ಟೇ ಅಂದದ್ದು.

ಎಲ್ಲರೂ ಹೋದ ಮೇಲೆ ವರ್ತಕ ಡಬ್ಬಿಯನ್ನು ಜಮಖಾನದ ಮೇಲೆ ಸುರಿದ. ಒಂದೊಂದನ್ನೇ ಅಳೆದ. ಒಂದೆರಡು ತುಸು ಆಚೀಚೆ. ಮಿಕ್ಕವೆಲ್ಲ ಒಂದರ ಪಕ್ಕ ಒಂದು ನಿಲ್ಲುವಂಥವು. ಯಾವ ಎರಡನ್ನು ತೆಗೆದರೂ ಜೋಡಿ. ತಿಂಗಳುಗಟ್ಟಲೆ ಅವನು ಅಲೆದು ಹುಡುಕಿದ್ದು ಅವನ ಮನೆಯಲ್ಲೇ ತುಂಬಿಕೊಂಡಿತ್ತು. ಅವನೇ ತಂದು ತುಂಬಿದ್ದು. ಆದರೆ ಸೋಮಾರಿಗಳನ್ನು ಒಬ್ಬರ ಪಕ್ಕ ಒಬ್ಬರನ್ನು ಇಟ್ಟು ಅವನು ಒಮ್ಮೆಯೂ ನೋಡಿರಲಿಲ್ಲ. ಎಲ್ಲರನ್ನೂ ಮಾದರಿಯ ಪಕ್ಕದಲ್ಲೇ ಇಟ್ಟು ನೋಡಿದ್ದ.

ಆಮೇಲೆ ಸತ್ತ ಮಾದರಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ವಾಲ್ವಿನ ನೆತ್ತಿಯಲ್ಲಿ ಗಾಜಿನ ಒಳಮೈಗೆ ಕನ್ನಡಿಯಂಥ ಬೆಳ್ಳಿಯ ಬಣ್ಣ ಇರಬೇಕು. ಇದರಲ್ಲಿ ಅದು ಅಂಚಿನಿಂದ ಕಂದಿ ಹೋಗಿತ್ತು. ಗಾಳಿಯೇ ಇರಬಾರದ ಬುರುಡೆಯ ಒಳಗೆ ಎಲ್ಲಿಂದಲೋ ಒಂದಿಷ್ಟು ಗಾಳಿ ಸೇರಿದ್ದರ ಗುರುತು ಅದು. ಕೊಂಡ ದಿನವೂ ಅಂಚು ಕಂದಿಯೇ ಇದ್ದಿರಬೇಕು. ಅವನು ಗಾಜನ್ನು ನೋಡಿರಲಿಲ್ಲ, ಮುಳ್ಳನ್ನು ನೋಡುತ್ತಿದ್ದ. ವಾಲ್ವಿನೊಳಗೆ ಸಣ್ಣ ತಂತಿಯ ಜಾಲರಿಯೊಂದಿರುತ್ತದೆ. ಕರೆಂಟನ್ನು ಹಿಡಿದು ನಿಲ್ಲಿಸುವುದು, ಹಾಡು ಬೇಡಿದಾಗ ಬೇಡಿದಷ್ಟನ್ನೇ ಬಿಡುವುದು ಅದರ ಕೆಲಸ. ಗಾಳಿ ಸೇರಿದರೆ ಆ ಹಿಡಿತ ತಪ್ಪುತ್ತದೆ. ಮಾದರಿ ಅಷ್ಟೊಂದು ಹರಿಸುತ್ತಿದ್ದದ್ದು ಬಲದಿಂದಲ್ಲ. ತಡೆದುಕೊಳ್ಳಲು ಅದಕ್ಕೆ ಆಗುತ್ತಿರಲಿಲ್ಲ.

ವರ್ತಕ ಡಬ್ಬಿಯ ಮೇಲಿನ ಚೀಟಿ ಕಿತ್ತು ಹಾಕಿದ.

ಇಷ್ಟು ಹೇಳಿ ಮೇಷ್ಟ್ರು ನೀರು ಕುಡಿದರು. ಅವರಿಗೆ ಕತೆ ಹೇಳಿದ ಖುಷಿ ಮುಖದ ತುಂಬ ಇತ್ತು. ಹೈಮವತಿಗೆ ಕೇಳಿದ ಖುಷಿ ಇರಲಿಲ್ಲ. ಅವಳು ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ ನೆಟ್ಟಗೆ ಕುಳಿತಳು.

"ಕತೆ ಯಾರನ್ನು ಕುರಿತು ಅಂತ ತಿಳಿಯದಷ್ಟು ದಡ್ಡಿ ನಾನಲ್ಲ ಮೇಷ್ಟ್ರೇ. ಹಾಗಾದರೆ ನಾನು ಗಾಳಿ ಸೇರಿದ ವಾಲ್ವು. ವಾರಿಜ ಡಬ್ಬಿಯಲ್ಲಿರುವ ಒಳ್ಳೆಯವಳು."

"ನಾನು ಹೆಸರು ಹೇಳಲಿಲ್ಲವಲ್ಲ. ಕಾಫಿಪುಡಿ ವರ್ತಕ ಅಂದೆ."

"ನೀವು ಹೇಳದಿದ್ದರೇನು, ಕೇಳಿಸುತ್ತೆ. ಆದರೆ ನಿಮ್ಮ ಹೋಲಿಕೆ ಇಲ್ಲಿಗೆ ಹೊಂದುವುದಿಲ್ಲ. ಆ ವಾಲ್ವು ಕೆಲಸವಿಲ್ಲದೆ ಕೂತಾಗ ಕಾವೇರುತ್ತಿತ್ತು. ನಾನು ಹಾಗಲ್ಲ. ನಾನು ಹಾಡುವಾಗ ದುಡಿಯುವವಳು. ನನ್ನ ಕಾವು ಏನಿದ್ದರೂ ಅದು ಹಾಡಿನದು. ಹಾಡು ನಿಂತರೆ ನಾನೂ ತಣ್ಣಗಾಗ್ತೇನೆ. ಬೇಕಾದರೆ ನೀವೇ ಪರೀಕ್ಷೆ ಮಾಡಿ ನೋಡಿ."

ಮಾತು ಮುಗಿಯುವ ಹೊತ್ತಿಗೆ ಅವಳ ದನಿ ಬೀದಿಗೆ ಕೇಳುವಷ್ಟು ಏರಿತ್ತು. ಮೇಷ್ಟ್ರು ಕನ್ನಡಕ ಮೇಲೇರಿಸಿ, ಮುಂದಕ್ಕೆ ಬಾಗಿ, ಅವಳನ್ನು ಆಸಕ್ತಿಯಿಂದ ನೋಡಿದರು.

"ಈಗ ಇಲ್ಲಿ ಯಾರೂ ಹಾಡುತ್ತಿಲ್ಲವಲ್ಲಮ್ಮ, ಮತ್ತೆ ನಿನ್ನ ಮುಖ ಯಾಕೆ ಇಷ್ಟು ಕೆಂಪಗಾಗಿದೆ?"

ಹೈಮವತಿ ಕೆನ್ನೆ ಮುಟ್ಟಿ ನೋಡಿಕೊಂಡಳು.